ಗಾಮೆಲಾನ್ ತರಗತಿಯಲ್ಲಿ ಅಂಕ ಎಲ್ಲಿಂದ ಬರಬೇಕು?

ಜಾವಾದ ಗಾಮೆಲಾನ್ ವಾದ್ಯಮೇಳ ಅಮೆರಿಕದ ಕಾಲೇಜು ಪಾಠದೊಳಗೆ ನೆಲೆಯೂರತೊಡಗಿದ್ದು 1950ರ ದಶಕದಲ್ಲಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ಯಾಪ್ ಕುನ್ಸ್ತ್ ಅವರ ಬಳಿ ಓದಿ ಬಂದ ಮ್ಯಾಂಟಲ್ ಹುಡ್, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಕೈಗೇ ವಾದ್ಯ ಕೊಟ್ಟರು. ಪರಕೀಯ ಸಂಗೀತವನ್ನು ವಿಶ್ಲೇಷಿಸಹೊರಟವರು ಮೊದಲು ಅದನ್ನು ನುಡಿಸಲು ಕಲಿಯಬೇಕು, ಕಿವಿ, ಕಣ್ಣು, ಕೈ, ಕಂಠ ಪಳಗದೆ ಸಿದ್ಧಾಂತ ದಕ್ಕದು ಎಂಬುದು 1960ರ ಅವರ ಲೇಖನದ ಸಾರ.

ಇಂಥ ಕೋರ್ಸಿಗೆ ಈಗ ಯಾವ ವಿಷಯದ ವಿದ್ಯಾರ್ಥಿಯಾದರೂ ಸೇರಬಹುದು. ಕಲಿಕಾ ಗುರಿಗಳಲ್ಲಿ ‘ಏಷ್ಯಾದ ಸಂಸ್ಕೃತಿಯನ್ನು ಅರಿತು ಗೌರವಿಸುವುದು’ ಎಂಬರ್ಥದ ಸಾಲೊಂದು ಸಾಮಾನ್ಯ. ಅದನ್ನು ಅಳೆಯಲು ಪ್ರಬಂಧ ಬರೆಸುತ್ತಾರೆ. ಗೌರವದ ಬಗ್ಗೆ ಸೊಗಸಾಗಿ ಬರೆಯಬಲ್ಲವರಿಗೆ ಅಂಕ ಬೀಳುತ್ತದೆ. ನನ್ನ ತಕರಾರು ಇದೇ. ಕಲಿಕಾ ಗುರಿಗಳನ್ನು ವಿಂಗಡಿಸುವಾಗಲೂ ಕೈ ಹಿಂದೆ ಬೀಳುತ್ತದೆ. ಬೆಂಜಮಿನ್ ಬ್ಲೂಮ್ ಸಂಪಾದಿಸಿದ 1956ರ ಗುರಿಗಳ ವರ್ಗೀಕರಣ ಬುದ್ಧಿಗೆ ಸಂಬಂಧಿಸಿದ್ದು. 1964ರ ಎರಡನೇ ಸಂಪುಟ ಭಾವಕ್ಕೆ. ಮೈಕೈಯ ಕೌಶಲವನ್ನು ಆ ತಂಡ ಹೆಸರಿಸಿತೇ ಹೊರತು ಅದರ ಸಂಪುಟ ಬರೆಯಲಿಲ್ಲ. ಆ ಕೆಲಸ ಆಮೇಲೆ ಬೇರೆಯವರಿಗೆ ಬಿತ್ತು. ನಮ್ಮ ಕಾಲೇಜುಗಳಲ್ಲಿ ಕೋರ್ಸಿನ ಗುರಿಗಳನ್ನು ಪದವಿಯ ಗುರಿಗಳಿಗೆ ಹೊಂದಿಸುವ ಸಿಒ-ಪಿಒ ಕೋಷ್ಟಕ ತುಂಬಿಸುವ ಅಧ್ಯಾಪಕರು ಕ್ರಿಯಾಪದಕ್ಕಾಗಿ ತಡಕಾಡುವುದೂ ಬ್ಲೂಮ್ ಪಟ್ಟಿಯಲ್ಲೇ.

ಕೈಯ ಕೆಲಸದಲ್ಲೇ ಅರಿವು ಕಾಣಿಸುವ ಜಾಗವೊಂದನ್ನು ನೋಡೋಣ. ಹೊಸಬರಿಗೆ ಮೊದಲು ಕಲಿಸುವ ರಚನೆಗಳಲ್ಲೊಂದು ಲಂಚಾರನ್. ಇದರ ಒಂದು ಆವರ್ತ 16 ಎಣಿಕೆ. ಗಾಂಗ್ ಜಾತಿಯ ವಾದ್ಯಗಳು ಅದನ್ನು ಹೀಗೆ ಹಂಚಿಕೊಳ್ಳುತ್ತವೆ. ಬೆಸ ಎಣಿಕೆಗಳಲ್ಲಿ ಕೆತುಕ್. 4, 8, 12, 16ರಲ್ಲಿ ಕೆನೊಂಗ್. ಕೊನೆಯಲ್ಲಿ ದೊಡ್ಡ ಗಾಂಗ್. ಉಳಿದ ಸಮ ಎಣಿಕೆಗಳಾದ 6, 10, 14ರಲ್ಲಿ ನೇತುಹಾಕಿದ ಕೆಂಪುಲ್. ಲೆಕ್ಕದ ಪ್ರಕಾರ 2ರಲ್ಲೂ ಕೆಂಪುಲ್ ಬರಬೇಕಿತ್ತು, ಆದರೆ ಅದನ್ನು ಖಾಲಿ ಬಿಡುತ್ತಾರೆ. ಆಗಷ್ಟೇ ಬಾರಿಸಿದ ಗಾಂಗಿನ ನಾದ ಆ ಹೊತ್ತಿನಲ್ಲಿ ಇನ್ನೂ ಮೊಳಗುತ್ತಿರುತ್ತದೆ. ಬರೀ ಎಣಿಸುತ್ತ ಕೂತವರ ಕೈ ಅಲ್ಲಿ ತಪ್ಪಿ ಏಳುತ್ತದೆ. ಗಾಂಗಿಗೆ ಕಿವಿಗೊಟ್ಟವರ ಕೈ ತಡೆಯುತ್ತದೆ. ಪಕ್ಕದ ವಾದ್ಯಕ್ಕೆ ಜಾಗ ಬಿಡುವುದನ್ನು ಕಲಿತರೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಸಣ್ಣ, ಇದಕ್ಕಿಂತ ಖಚಿತವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಸರೋನ್ ಎಂಬ ಕಂಚಿನ ಪಟ್ಟಿಗಳ ವಾದ್ಯದಲ್ಲೂ ಹೀಗೆಯೇ. ಬಲಗೈ ಮುಂದಿನ ಪಟ್ಟಿಗೆ ಬಡಿಯುವ ಗಳಿಗೆಯಲ್ಲೇ ಎಡಗೈ ಹಿಂದಿನದನ್ನು ಹಿಡಿದು ಸದ್ದಡಗಿಸಬೇಕು. ತಡವಾದರೆ ಎರಡು ಸ್ವರ ಕಲಸಿಹೋಗುತ್ತವೆ, ಬೇಗನಾದರೆ ನಡುವೆ ಬಿರುಕು. ಮೇಳ ನಿಲ್ಲಿಸದೆಯೇ, ಹಿಂದೆ ಬಂದು ನಿಂತು ಅಧ್ಯಾಪಕರು ಇದನ್ನು ಗುರುತು ಹಾಕಿಕೊಳ್ಳಬಹುದು. ಪಾದರಕ್ಷೆ ಬಿಡುವುದು, ವಾದ್ಯ ದಾಟದಿರುವುದು ಮುಂತಾದ ನಿಯಮಗಳು ಬೇಕು ನಿಜ. ಹೇಳಿದೊಡನೆ ಯಾರಾದರೂ ಪಾಲಿಸುವಂಥವು, ಅಂಕಕ್ಕೆ ಬಾರವು.

ಮೇಳದಲ್ಲಿ ಒಬ್ಬರಿಗೆ ಪ್ರತ್ಯೇಕವಾಗಿ ಅಂಕ ಕೊಡುವುದು ಹೇಗೆ? ವಾದ್ಯ ಬದಲಿಸುತ್ತ ಹೋಗುವುದು ಒಂದು ದಾರಿ. ಇಂದು ಕೆಂಪುಲ್ ಹಿಡಿದವರು ಮುಂದಿನ ವಾರ ಸರೋನಿಗೆ ಬಂದರೆ, ಒಂದೇ ರಚನೆಯನ್ನು ಎರಡು ಕಡೆಯಿಂದ ಬಲ್ಲರೇ ಎಂದು ತಿಳಿಯುತ್ತದೆ. ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಸೊಲ್ಕಟ್ಟು ಎಂಬ ಲಯದ ಪಾಟಾಕ್ಷರಗಳನ್ನು ಹೇಳುವ ಕರ್ನಾಟಕ ಸಂಗೀತದ ಅಭ್ಯಾಸ ಇಂಥ ಪರೀಕ್ಷೆಗೆ ಹತ್ತಿರದ್ದು: ಲೆಕ್ಕ ಒಳಗಿಳಿದಿಲ್ಲದಿದ್ದರೆ ಅಲ್ಲೇ ಬಯಲಾಗುತ್ತದೆ.

ಪ್ರಬಂಧವನ್ನು ಕೈಬಿಡಬೇಕೆಂದು ಹೇಳುತ್ತಿಲ್ಲ. ಜಾವಾದ ಅರಮನೆಗಳ ಆಶ್ರಯ, ಡಚ್ಚರ ಆಳ್ವಿಕೆ ಇವನ್ನೆಲ್ಲ ವಾದ್ಯ ಬಾರಿಸಿ ಅರಿಯಲಾಗದು. ಅವುಗಳ ಮೇಲೆ ಬರೆಸಲಿ, ಆ ಜ್ಞಾನಕ್ಕೇ ಅಂಕ ಕೊಡಲಿ. ಸಂಶಯ ಇರುವುದು ಅವಧಿಯ ಕೊನೆಯ ಕಛೇರಿಯ ಬಗ್ಗೆ. ತಿಂಗಳುಗಟ್ಟಲೆ ಉರು ಹೊಡೆದ ರಚನೆ ಅಲ್ಲಿ ತಾನಾಗಿಯೇ ಸಾಗುತ್ತದೆ. ಅಭ್ಯಾಸದ ನಡುವೆ ಕೆಂಡಾಂಗ್ ಎಂಬ ಡೋಲು ಬಾರಿಸುವವರು ಮುನ್ಸೂಚನೆಯಿಲ್ಲದೆ ಗತಿ ಇಳಿಸಿದಾಗ ಯಾರು ಅದನ್ನು ಕೇಳಿ ಹಿಂಬಾಲಿಸಿದರು, ಯಾರು ತಮ್ಮ ಪಾಡಿಗೆ ಮುಂದೋಡಿದರು ಎಂಬುದಕ್ಕೇ ಹೆಚ್ಚು ಅಂಕ ಇಡಬೇಕು. ಕಛೇರಿಗೆ ಹಾಜರಿಯ ಅಂಕದಷ್ಟು ಸಾಕು.