ಎಲ್ಲೆ ಯಾರದು? ಬಿಳಿಗಿರಿಯ ಸೋಲಿಗರ ಹಕ್ಕಿನ ಚರಿತ್ರೆ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬರು ದೂರದೂರಿನಿಂದ ಕರೆ ಮಾಡಿ, "ಮೇಷ್ಟ್ರೇ, ಕರ್ನಾಟಕದಲ್ಲಿ ಇಷ್ಟೊಂದು ಬುಡಕಟ್ಟುಗಳಿದ್ದರೂ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶ ಒಂದೂ ಇಲ್ಲವಂತೆ, ನಿಜವೇ?" ಎಂದು ಕೇಳಿದರು. ನಿಜ. ಉತ್ತರ ಒಂದೇ ಮಾತಿನದು. ಅದರ ಹಿಂದಿರುವ ಚರಿತ್ರೆ ಮಾತ್ರ ಉದ್ದವಾದದ್ದು. ತರಗತಿಯಲ್ಲಿ ಅದಕ್ಕೆ ಸಮಯ ಸಿಗುತ್ತಿರಲಿಲ್ಲ. ನಿವೃತ್ತಿಯ ನಂತರ ಸಮಯಕ್ಕೇನೂ ಬರವಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನು ನೀವೆಲ್ಲ ಬಲ್ಲಿರಿ. ಅಲ್ಲಿನ ರಂಗನಾಥನನ್ನು ಸೋಲಿಗರು 'ಭಾವ' ಎಂದೇ ಕರೆಯುತ್ತಾರೆ. ಅವರ ಮನೆಮಗಳು ಕುಸುಮಾಲೆಯನ್ನು ಒಲಿದು ಕರೆದೊಯ್ದವನು ಆತ. ದೇವರನ್ನೇ ನಂಟನನ್ನಾಗಿ ಮಾಡಿಕೊಂಡವರಿಗೆ ಆ ಕಾಡು ಸರಕಾರದ್ದೆಂದು ತಿಳಿದದ್ದು ಬಹಳ ತಡವಾಗಿ. ಆನೆಗಳ ಖೆಡ್ಡಾ ಕಾರ್ಯಕ್ಕೆ ಹೆಸರಾದ ಸ್ಯಾಂಡರ್ಸನ್ ಸಾಹೇಬನು 1878ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸೋಲಿಗರು ಹೆಜ್ಜೆ ಹಿಡಿದು ಮೃಗವನ್ನು ಅರಸುವ ಜಾಣ್ಮೆಯನ್ನು ಮೆಚ್ಚಿ ಬರೆದಿದ್ದಾನೆ. ಅದೇ 1878ರಲ್ಲಿ ಬ್ರಿಟಿಷ್ ಇಂಡಿಯಾದ ಅರಣ್ಯ ಕಾಯಿದೆಯೂ ಬಂತು. ಮೀಸಲು ಅರಣ್ಯದಲ್ಲಿ ಜನರಿಗಿದ್ದ ಬಳಕೆಯ ಹಕ್ಕು ಸರಕಾರ ನೀಡುವ ರಿಯಾಯಿತಿಯಾಗಿ ಮಾರ್ಪಟ್ಟಿತು. 1900ರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಅರಣ್ಯ ನಿಬಂಧನೆಯನ್ನು ತಂದಿತು.

ಸೋಲಿಗರಿಗೆ ತಮ್ಮದೇ ಆದ ಭೂಪಟವೊಂದಿತ್ತು, ಈಗಲೂ ಇದೆ. ಪ್ರತಿಯೊಂದು ಕುಲಕ್ಕೂ ಒಂದೊಂದು 'ಎಲ್ಲೆ'. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ ಅಂದರೆ ನೀರಿನ ಸೆಲೆ, ಗತಿಸಿದವರ ನೆನಪಿಗೆ ಕಲ್ಲಿಡುವ ಕಲ್ಲುಗುಡಿ. ಭಾರ್ಗವಿ ಹೊಳೆಯ ಬಳಿಯ ದೊಡ್ಡಸಂಪಿಗೆ ಇವುಗಳಲ್ಲೆಲ್ಲ ಪ್ರಸಿದ್ಧವಾದದ್ದು. ಇಂಥ ನೆಲೆಗಳನ್ನು ಸೋಲಿಗ ಹಿರಿಯರೂ ಸಂಶೋಧಕರೂ ಜೊತೆಯಾಗಿ ನಡೆದು ಗುರುತಿಸಿದಾಗ ಸಿಕ್ಕ ಲೆಕ್ಕ ನಾಲ್ಕುನೂರನ್ನು ಮೀರಿತು. ಸರ್ವೆ ಕಲ್ಲು ನೆಡುವುದಕ್ಕೆ ಬಹು ಹಿಂದೆಯೇ ಒಂದು ನಾಡು ಅಳೆಯಲ್ಪಟ್ಟಿತ್ತು ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

1974ರಲ್ಲಿ ಇಲ್ಲಿ ವನ್ಯಜೀವಿಧಾಮ ಘೋಷಣೆಯಾಯಿತು. ಕಾಡಿನೊಳಗೆ ಚದುರಿದ್ದ ಕುಟುಂಬಗಳನ್ನು ಪೋಡುಗಳಲ್ಲಿ ಒಂದೆಡೆ ನೆಲೆಗೊಳಿಸಲಾಯಿತು. ಸ್ಥಳ ಬದಲಿಸಿ ರಾಗಿ ಬೆಳೆಯುವ ಬೇಸಾಯ ನಿಂತಿತು. ಅದರೊಂದಿಗೆ 'ತರಗು ಬೆಂಕಿ'ಯೂ ನಿಂತಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಿಗೆ ಬಲಿಯುವ ಮೊದಲೇ ನೆಲದ ಒಣ ತರಗೆಲೆಗೆ ಸಣ್ಣದಾಗಿ ಬೆಂಕಿ ಹಚ್ಚುವುದು ಅವರ ಪದ್ಧತಿ. ಅದು ಮರವನ್ನು ಸುಡದು. ತರಗನ್ನಷ್ಟೇ ತಿಂದು ನಂದುತ್ತದೆ, ಹೊಸ ಹುಲ್ಲು ಚಿಗುರುತ್ತದೆ. ಬೆಂಕಿ ನಿಂತ ಮೇಲೆ ಲಂಟಾನ ಪೊದೆ ಕಾಡನ್ನೆಲ್ಲ ಮುಚ್ಚಿತೆಂದೂ ನೆಲ್ಲಿಮರಗಳಿಗೆ ಉಪ್ಪಿಲೆಂಬ ಬದನಿಕೆ ಅಡರಿತೆಂದೂ ಹಿರಿಯರು ಹೇಳುತ್ತ ಬಂದರು. ವಿಜ್ಞಾನಿಗಳು ಈ ಮಾತನ್ನು ಪರಿಶೀಲಿಸತೊಡಗಿದ್ದು ಎಷ್ಟೋ ವರ್ಷಗಳ ನಂತರ. ಕಾಡನ್ನು ಉಳಿಸಲೆಂದು ಕಾಡಿನವರ ಕೈ ಕಟ್ಟಿದರೆ ಕಾಡಿಗೇ ಕೇಡಾಗಬಹುದೆಂಬುದು ಆ ಹೊತ್ತಿನ ಯಾವ ಆದೇಶಕ್ಕೂ ಹೊಳೆಯಲಿಲ್ಲ.

ಉಳಿದಿದ್ದ ಆಧಾರವೆಂದರೆ ಜೇನು, ನೆಲ್ಲಿ, ಸೀಗೆ, ಪಾಚಿ. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ತರುವಾಯ ಇವುಗಳ ಸಂಗ್ರಹಕ್ಕೂ ನಿಷೇಧ ಬಂತು. ವರ್ಷದ ಆದಾಯದ ದೊಡ್ಡ ಪಾಲನ್ನು ಇವುಗಳಿಂದಲೇ ಪಡೆಯುತ್ತಿದ್ದ ಮನೆಗಳು ಕೂಲಿ ಅರಸಿ ಕಾಫಿ ತೋಟಗಳಿಗೆ ಹೊರಟವು.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ಪರವಾಗಿ ದನಿಯೆತ್ತಿದವರು ಜೈಪಾಲ್ ಸಿಂಗ್ ಮುಂಡಾ, 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹಾಕಿ ತಂಡದ ನಾಯಕರಾಗಿದ್ದವರು. ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಗೆ ಯಾರೂ ಕಲಿಸಬೇಕಿಲ್ಲ, ಅವರಿಂದಲೇ ಕಲಿಯಬೇಕು ಎಂಬುದು 1946ರ ಡಿಸೆಂಬರಿನಲ್ಲಿ ಅವರು ಮಾಡಿದ ವಾದದ ತಿರುಳು. ಐದನೆಯ ಅನುಸೂಚಿ ಬಂದಾಗ ಬುಡಕಟ್ಟು ಜನ ಹೆಚ್ಚಾಗಿ ಒಂದೆಡೆ ನೆಲೆಸಿದ ಪ್ರದೇಶವೆಂಬುದು ಮುಖ್ಯ ಅಳತೆಗೋಲಾಯಿತು. ಸೋಲಿಗರು, ಜೇನುಕುರುಬರು, ಎರವರು ಬೇರೆ ಬೇರೆ ತಾಲ್ಲೂಕುಗಳಲ್ಲಿ ಹಂಚಿಹೋದವರು. ಹೀಗೆ ಕರ್ನಾಟಕ ಪಟ್ಟಿಯಿಂದ ಹೊರಗುಳಿಯಿತು. ಪರಿಣಾಮವಾಗಿ ಅನುಸೂಚಿತ ಪ್ರದೇಶಗಳ ಗ್ರಾಮಸಭೆಗೆ ಬಲ ಕೊಟ್ಟ 1996ರ ಪೆಸಾ ಕಾಯಿದೆಯೂ ಇಲ್ಲಿಗೆ ಅನ್ವಯಿಸಲಿಲ್ಲ. ಚದುರಿರುವವನಿಗೆ ಸ್ವಾಡಳಿತ ಬೇಡವೆಂದು ಯಾವ ತರ್ಕ ಹೇಳುತ್ತದೆಯೋ ನಾನರಿಯೆ.

ಬಾಗಿಲು ತೆರೆದದ್ದು 2006ರ ಅರಣ್ಯ ಹಕ್ಕು ಕಾಯಿದೆ. ಆದಿವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆಯೆಂದು ಅದರ ಪೀಠಿಕೆಯೇ ಒಪ್ಪಿಕೊಂಡಿದೆ. ಈ ಕಾಯಿದೆಗೆ ಅನುಸೂಚಿತ ಪ್ರದೇಶದ ಹಂಗಿಲ್ಲ. ಹಕ್ಕಿನ ಅರ್ಜಿ ಮೊದಲು ಬರಬೇಕಾದದ್ದು ಗ್ರಾಮಸಭೆಗೆ. ಆ ಬಳಿಕ ಉಪವಿಭಾಗದ ಸಮಿತಿ, ಕೊನೆಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿ. ಚರಿತ್ರೆಯ ಮೇಷ್ಟರಾದ ನನಗೆ ಬಹಳ ಹಿಡಿಸಿದ ಅಂಶವೊಂದಿದೆ: ನಿಯಮಗಳ ಪ್ರಕಾರ ಹಿರಿಯರು ಹೇಳಿ ಬರೆಸಿದ ಮಾತೂ ಪುರಾವೆಯೇ, ಸಮಾಧಿಯೂ ದೇವರಕಾಡೂ ಪುರಾವೆಯೇ. ಕಲ್ಲುಗುಡಿಗೆ ದಾಖಲೆಯ ಸ್ಥಾನ ಬಂತು.

2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಎತ್ತಂಗಡಿಯ ಭಯ ಪೋಡುಗಳಲ್ಲಿ ಹಬ್ಬಿತು. ಸೋಲಿಗರ ಸಂಘ ಪೋಡಿನಿಂದ ಪೋಡಿಗೆ ಸಭೆ ನಡೆಸಿತು, ಅರ್ಜಿ ಬರೆಯಿತು, ಕಚೇರಿಗಳ ಮೆಟ್ಟಿಲು ಹತ್ತಿತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಮನ್ನಣೆ ಪಡೆದವರಲ್ಲಿ ಸೋಲಿಗರು ಮೊದಲಿಗರು. ಒಡಿಶಾದ ನಿಯಮಗಿರಿಯ ಹನ್ನೆರಡು ಗ್ರಾಮಸಭೆಗಳು ಗಣಿಗಾರಿಕೆಯನ್ನು ಒಲ್ಲೆವೆಂದದ್ದು ಇದಾಗಿ ಎರಡು ವರ್ಷಕ್ಕೆ, 2013ರಲ್ಲಿ. ಅದನ್ನು ದೇಶವೆಲ್ಲ ಕೊಂಡಾಡಿತು. ನಮ್ಮ ಬೆಟ್ಟದ ಸುದ್ದಿ ನಮ್ಮಲ್ಲೇ ಬಹುಮಂದಿಗೆ ತಿಳಿಯದು.

ಹಕ್ಕುಪತ್ರ ಬಂದೊಡನೆ ಎಲ್ಲವೂ ನೆಟ್ಟಗಾಯಿತೆಂದು ಭಾವಿಸಬೇಡಿ. ಜೇನು, ನೆಲ್ಲಿಗೆ ಅಡ್ಡಿಯಿಲ್ಲ. ಆದರೆ ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರವೂ ಗ್ರಾಮಸಭೆಗೆ ಉಂಟೆಂದು ಕಾಯಿದೆ ಹೇಳಿದರೂ, ತರಗು ಬೆಂಕಿ ಹಚ್ಚಿದವನು ಇಂದಿಗೂ ಇಲಾಖೆಯ ದೃಷ್ಟಿಯಲ್ಲಿ ಅಪರಾಧಿಯೇ. 2019ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಲು ಆದೇಶಿಸಿ, ಅದೇ ತಿಂಗಳು ತಾನೇ ತಡೆ ನೀಡಿತು. ಆ ಎರಡು ವಾರ ದೇಶದ ಲಕ್ಷಾಂತರ ಕುಟುಂಬಗಳು ಹೇಗೆ ಕಳೆದವೋ ಊಹಿಸಿಕೊಳ್ಳಿ.

ಮುಂದಿನ ಸಲ ಬೆಟ್ಟಕ್ಕೆ ಹೋದವರು ದರ್ಶನ ಮುಗಿಸಿ ಹಾಗೆಯೇ ಇಳಿಯಬೇಡಿ. ಪೋಡಿನ ಹಿರಿಯರೊಬ್ಬರನ್ನು ಕಂಡು, ನಿಮ್ಮ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿ. ಕುಳಿತು ಕೇಳುವಷ್ಟು ಬಿಡುವು ಮಾಡಿಕೊಂಡು ಹೋಗಿ. ಹೊಳೆ, ಮರ, ಕಲ್ಲು ಒಂದನ್ನೂ ಬಿಡದೆ ಹೇಳುತ್ತಾರೆ.