ಮೊಳೆಯಿಲ್ಲದ ಹಡಗು ಮತ್ತು ನಮ್ಮ ಅಸ್ಮಿತೆ



ಮಸ್ಕತ್ತಿನ ಅಲ್ ಬುಸ್ತಾನ್ ಹೋಟೆಲಿನ ಸಮೀಪದ ವೃತ್ತದಲ್ಲಿ ನಿಂತಿರುವ 'ಸೋಹಾರ್' ಎಂಬ ಮರದ ಹಡಗನ್ನು ನಾವೆಲ್ಲರೂ ಕಂಡಿದ್ದೇವೆ. ಅದನ್ನು ಊರಿನ ಅಲಂಕಾರವೆಂದಷ್ಟೇ ಬಗೆದು ಮುಂದೆ ಸಾಗುವುದುಂಟು. ಆದರೆ ಅದು ಸಮುದ್ರಗಳನ್ನು ದಾಟಿ ಬಂದ ಹಡಗು. ಒಂದು ನಾಡು ತನ್ನ ಕೈಗೆಲಸದ ಮೂಲಕ ತನ್ನನ್ನು ಮರಳಿ ಗುರುತಿಸಿಕೊಂಡ ಇತಿಹಾಸ ಅದರಲ್ಲಿದೆ.

ಪ್ರಾಚೀನ ಕಾಲದಲ್ಲಿ ಅರಬ್ಬೀ ಸಮುದ್ರದ ಹಡಗುಗಳ ಹಲಗೆಗಳಿಗೆ ಕಬ್ಬಿಣದ ಮೊಳೆ ಹೊಡೆಯುತ್ತಿರಲಿಲ್ಲ. ಅಂಚಿನಲ್ಲಿ ರಂಧ್ರ ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. 14ನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ ಇಬ್ನ್ ಬತೂತಾ ಇದರ ಕಾರಣವನ್ನೂ ತಿಳಿಸಿದ್ದಾನೆ: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಳುಕಿ ತಾಳಿಕೊಳ್ಳುತ್ತದೆ. ಒಮಾನಿನಲ್ಲಿ ಹಡಗಿಗೆ ಒದಗುವ ಕಾಡಿಲ್ಲ. ಮರ ಮತ್ತು ನಾರು ಭಾರತದ ಪಶ್ಚಿಮ ಕರಾವಳಿಯಿಂದಲೂ ಅದರಾಚೆಯ ದ್ವೀಪಗಳಿಂದಲೂ ಬರುತ್ತಿದ್ದವು. ಮಂಗಳೂರಿನ ಅಕ್ಕಿಯೂ ಇದೇ ದಾರಿಯಲ್ಲಿ ಮಸ್ಕತ್ತಿಗೆ ಬರುತ್ತಿತ್ತು. 18ನೆಯ ಶತಮಾನದಲ್ಲಿ ಟಿಪ್ಪು ಸುಲ್ತಾನನು ಇಲ್ಲಿ ವ್ಯಾಪಾರದ ಕೋಠಿಯನ್ನೇ ಇರಿಸಿದ್ದನು.

ಕಾಲಕ್ರಮದಲ್ಲಿ ಮೊಳೆಯ ಹಡಗುಗಳು ಬಂದವು. ಬಳಿಕ ಎಂಜಿನ್ನುಗಳು ಬಂದವು. 1970ರಲ್ಲಿ ಸುಲ್ತಾನ್ ಕಾಬೂಸರು ಅಧಿಕಾರಕ್ಕೆ ಬಂದ ಮೇಲೆ ತೈಲದ ಆದಾಯದಿಂದ ನಾಡಿನ ಮುಖವೇ ಬದಲಾಯಿತು. ನಾವಿಕರ ನಾಡೆಂಬ ಕೀರ್ತಿ ಉಳಿದಿತ್ತು. ಆದರೆ ದೊಡ್ಡ ಹಡಗನ್ನು ಹೊಲಿಯುವ ವಿದ್ಯೆ ಇಲ್ಲಿನ ಕೈಗಳಿಂದ ಜಾರಿತ್ತು. ಸಿಂದಬಾದನ ಕಾಲದ ಹಡಗನ್ನು ಮತ್ತೆ ಕಟ್ಟಬೇಕೆಂದು ಟಿಮ್ ಸೆವೆರಿನ್ ಎಂಬ ಸಾಹಸಿ ಮುಂದೆ ಬಂದಾಗ ಸುಲ್ತಾನರು ಆಶ್ರಯವಿತ್ತರು. 1980ರಲ್ಲಿ ಸೂರ್ ಪಟ್ಟಣದಲ್ಲಿ ಕೆಲಸ ನಡೆಯಿತು. ಮಲಬಾರಿನ ಕಾಡಿನಿಂದ ಹೆಬ್ಬಲಸಿನ ಮರ ಬಂದಿತು. ಹೊಲಿಯುವ ಕುಶಲಿಗಳು ಲಕ್ಷದ್ವೀಪದಿಂದ ಬಂದರು. ಅದೇ ನವೆಂಬರಿನಲ್ಲಿ ಮಸ್ಕತ್ತಿನಿಂದ ಹೊರಟ ಹಡಗು ಸುಮಾರು 6000 ಮೈಲಿ ಸಾಗಿ 1981ರ ಜುಲೈಯಲ್ಲಿ ಚೀನದ ಕ್ಯಾಂಟನ್ನನ್ನು ತಲುಪಿತು. ಅದರಲ್ಲಿ ಒಮಾನಿ ನಾವಿಕರೂ ಇದ್ದರು.

ಮರ ಅನ್ಯನಾಡಿನದು, ಹೊಲಿದ ಕೈಗಳು ದ್ವೀಪದವರದು. ಆದರೂ ಹಡಗು ಒಮಾನಿನದೇ ಆಯಿತು. ಕೊಟ್ಟು ಪಡೆಯುವುದರಿಂದ ಅಸ್ಮಿತೆ ಕುಂದುವುದಿಲ್ಲ. ಮಾಡುವುದನ್ನು ನಿಲ್ಲಿಸಿದಾಗ ಕುಂದುತ್ತದೆ. ಈ ನಾಡು ಅಲ್ಲಿಗೇ ನಿಲ್ಲಲಿಲ್ಲ. ಕಂತಬ್ ಕಡಲತೀರದಲ್ಲಿ 'ಮಸ್ಕತ್ತಿನ ರತ್ನ'ವೆಂಬ ಇನ್ನೊಂದು ಹಡಗನ್ನು ಹೊಲಿದು, 2010ರಲ್ಲಿ ಸಿಂಗಪುರಕ್ಕೆ ನಡೆಸಿ, ಅಲ್ಲಿನ ಜನರಿಗೆ ಉಡುಗೊರೆಯಾಗಿ ನೀಡಿತು. 2022ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದೂ ಖಂಜರ್ ಎಂಬ ಬಾಕು ಮಾತ್ರವಲ್ಲ, ಅದನ್ನು ರೂಪಿಸುವ ಕೌಶಲ.

ಈ ನೆಲದಲ್ಲಿ ಬಾಳುವ ನಮಗೂ ಈ ಪ್ರಶ್ನೆ ಎದುರಾಗಿದೆ. ಯಕ್ಷಗಾನದ ಕಿರೀಟವನ್ನು ಊರಿನಿಂದ ತಂದು ಗೋಡೆಗೆ ತೂಗುಹಾಕುವುದು ಸುಲಭ. ನಮ್ಮ ಮಕ್ಕಳು ಹೆಜ್ಜೆ ಕಲಿತು, ಅರ್ಥಗಾರಿಕೆಯಲ್ಲಿ ತಡವರಿಸಿಯಾದರೂ ಕನ್ನಡವನ್ನು ನುಡಿಯುವುದು ಕಷ್ಟ. ಆದರೆ ನಮ್ಮ ಕಾಲಾನಂತರವೂ ಉಳಿಯಬಲ್ಲದ್ದು ಆ ಕಷ್ಟದ ಫಲವೇ. ಅಲ್ ಬುಸ್ತಾನಿನ ಹಡಗನ್ನು ಮಕ್ಕಳಿಗೆ ತೋರಿಸುವಾಗ, ಅದನ್ನು ಹೊಲಿದ ಕೈಗಳ ಕಥೆಯನ್ನೂ ಹೇಳೋಣ.