ಬಂಡಿಯಿಂದ ಜೀಪಿನವರೆಗೆ: ಕಾಗಿಣಾ ಸೀಮೆಯ ಗಾಡಿ ಕಸುಬು

ಕೆಟ್ಟು ನಿಂತ ಹಳೆಯ ಗಾಡಿಯನ್ನು ಬಿಚ್ಚಿ, ಸವೆದದ್ದನ್ನು ಬದಲಿಸಿ, ಮೊದಲಿನ ರೂಪಕ್ಕೆ ತರುವುದು ಒಂದು ದಾರಿ. ಅಲ್ಲಿಂದ ಇಲ್ಲಿಂದ ಬಿಡಿಭಾಗ ಕೂಡಿಸಿ ಹೊಸದೊಂದನ್ನೇ ಜೋಡಿಸುವುದು ಇನ್ನೊಂದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಈ ಕಾಗಿಣಾ ನದಿ ಸೀಮೆಯಲ್ಲಿ ಎರಡು ದಾರಿಗಳೂ ಎತ್ತಿನ ಬಂಡಿಯಿಂದಲೇ ಶುರುವಾದವು. ಯಾವುದನ್ನು ಹಿಡಿಯಬೇಕೆಂಬುದು ಗಾಡಿಯ ಮೇಲಿನ ಮಮತೆಯಿಂದ ತೀರ್ಮಾನವಾದದ್ದು ಕಡಿಮೆ. ರಿಪೇರಿಯ ಕೂಲಿ ಹೇಗೆ ಸಲ್ಲುತ್ತದೆ, ಸಾಮಾನು ಎಲ್ಲಿ ಸಿಗುತ್ತದೆ, ಸರ್ಕಾರ ಯಾವುದನ್ನು ಒಪ್ಪುತ್ತದೆ ಎಂಬ ಮೂರು ಪ್ರಶ್ನೆಗಳೇ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕೊಡಿಸಿವೆ.

ಬಂಡಿಯ ಕಾಲದಲ್ಲಿ ಉತ್ತರ ಸ್ಪಷ್ಟವಿತ್ತು. ಊರಿನ ಬಡಿಗೇರನಿಗೂ ಕಂಬಾರನಿಗೂ ರೈತ ಸುಗ್ಗಿಯಲ್ಲಿ ಕಣದಿಂದಲೇ ಜೋಳ ಅಳೆದು ಆಯ ಕೊಡುತ್ತಿದ್ದ. ನೇಗಿಲು, ಕುಂಟೆ, ಬಂಡಿಯ ವರ್ಷದ ಚಿಕ್ಕಪುಟ್ಟ ದುರಸ್ತಿಯೆಲ್ಲ ಆ ಆಯದಲ್ಲೇ ಮುಗಿಯುತ್ತಿತ್ತು. ಹೊಸ ಬಂಡಿ ಮಾಡಿಸುವುದಾದರೆ ಮಾತ್ರ ಕಟ್ಟಿಗೆಯ ಬೆಲೆ, ಕಬ್ಬಿಣದ ಬೆಲೆ, ಕೂಲಿ ಎಲ್ಲವೂ ಬೇರೆ. ಹೀಗಾಗಿ ಅಚ್ಚು ಮುರಿದರೆ ಅಚ್ಚು, ನೊಗ ಸೀಳಿದರೆ ನೊಗ ಬದಲಾಗುತ್ತಿತ್ತೇ ಹೊರತು ಬಂಡಿ ಬದಲಾಗುತ್ತಿರಲಿಲ್ಲ. ಇಪ್ಪತ್ತು ಮೂವತ್ತು ವರ್ಷದಲ್ಲಿ ಒಂದೊಂದಾಗಿ ಬಹುತೇಕ ಭಾಗಗಳೆಲ್ಲ ಹೊಸತಾದರೂ ಅದು ಅಜ್ಜನ ಬಂಡಿಯಾಗಿಯೇ ಉಳಿಯುತ್ತಿತ್ತು.

ಈ ದುರಸ್ತಿಯಲ್ಲಿ ಅತ್ಯಂತ ಕೌಶಲದ ಕೆಲಸ ಚಕ್ರಕ್ಕೆ ಕಬ್ಬಿಣದ ಹಳಿ ತೊಡಿಸುವುದು. ಗಟ್ಟಿ ಜಾಲಿ ಕಟ್ಟಿಗೆಯ ಚಕ್ರ ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ, ಹಳಿ ಸಡಿಲಾಗುತ್ತದೆ, ಬಂಡಿ ನಡೆದಂತೆ ಕಟಕಟ ಸದ್ದು ಕೇಳುತ್ತದೆ. ಕಂಬಾರ ಹಳಿಯನ್ನು ಕಳಚಿ, ಸ್ವಲ್ಪ ಕತ್ತರಿಸಿ, ತುದಿಗಳನ್ನು ಕಾಯಿಸಿ ಮತ್ತೆ ಬೆಸೆಯುತ್ತಾನೆ. ಈಗ ಅದು ಚಕ್ರಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಅದನ್ನು ನೆಲದ ಮೇಲಿಟ್ಟು ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಕೊಡುತ್ತಾರೆ. ಕೆಂಪಗೆ ಕಾದು ಹಿಗ್ಗಿದ ಹಳಿಯನ್ನು ನಾಲ್ಕು ಜನ ಇಕ್ಕಳದಲ್ಲಿ ಹಿಡಿದೆತ್ತಿ ಚಕ್ರದ ಮೇಲೆ ಕೂರಿಸುತ್ತಾರೆ. ಕಟ್ಟಿಗೆ ಹೊತ್ತಿಕೊಳ್ಳುವಷ್ಟರಲ್ಲಿ ಕೊಡಗಟ್ಟಲೆ ನೀರು ಸುರಿಯಬೇಕು. ಹಳಿ ತಣಿದು ಬಿಗಿಯುತ್ತಿದ್ದಂತೆ ಚಕ್ರದ ಪ್ರತಿಯೊಂದು ಸಂದೂ ಕಿರುಗುಟ್ಟಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಮೊಳೆಯ ಬಲಕ್ಕಿಂತ ಈ ಬಿಗಿತವೇ ಚಕ್ರವನ್ನು ಹಿಡಿದಿಡುವ ಶಕ್ತಿ. ಅಳತೆ ತುಸು ತಪ್ಪಿದರೂ ಹಳಿ ಕೂರುವುದಿಲ್ಲ, ಇಲ್ಲವೇ ಚಕ್ರವೇ ಸೊಟ್ಟಗಾಗುತ್ತದೆ. ಆ ಕಂಬಾರರ ಕಣ್ಣಳತೆ ಯಾವ ಎಂಜಿನಿಯರನ ಕೌಶಲಕ್ಕೂ ಕಡಿಮೆಯದಲ್ಲ.

ರೈಲು ಬಂದ ಮೇಲೆ ಬಂಡಿಯ ಹೊರೆ ಹೆಚ್ಚಿತು. 1871ರಲ್ಲಿ ಮುಂಬೈ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ಕಡೆಯ ರೈಲ್ವೆ ರಾಯಚೂರಿನಲ್ಲಿ ಕೂಡಿದವು. ಶಹಾಬಾದ್, ವಾಡಿ ಆ ಹೆದ್ದಾರಿಯಂಥ ಮಾರ್ಗದ ಮೇಲೆ ಬಿದ್ದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಓಡತೊಡಗಿತು. ಚಿತ್ತಾಪುರ, ಸೇಡಂ ಆ ಮಾರ್ಗಕ್ಕೆ ಸೇರಿದವು. ಚಿಂಚೋಳಿಗೆ ಮಾತ್ರ ರೈಲು ಬರಲಿಲ್ಲ. ಪದರು ಪದರಾಗಿ ಏಳುವ ಸುಣ್ಣಕಲ್ಲು ಶಹಾಬಾದಿ ಫರಸಿ ಎಂಬ ಹೆಸರಿನಲ್ಲಿ ದೂರದ ಊರುಗಳ ಮನೆ, ಗೋದಾಮು, ರೈಲು ನಿಲ್ದಾಣಗಳ ನೆಲಕ್ಕೆ ಹಾಸಾಯಿತು. ಖಣಿಯಿಂದ ನಿಲ್ದಾಣದವರೆಗೆ ಆ ಕಲ್ಲು ಹೊತ್ತದ್ದು ಬಂಡಿ. ಜೋಳದ ಚೀಲಕ್ಕೆಂದು ಮಾಡಿದ ಚಕ್ರಕ್ಕೆ ಫರಸಿಯ ಭಾರ ಬೇರೆಯದೇ ಪರೀಕ್ಷೆ. ಮಳೆಗಾಲದಲ್ಲಿ ಕರಿಮಣ್ಣಿನ ಹಾದಿಯಲ್ಲಿ ಕಿರಿದಾದ ಕಬ್ಬಿಣದ ಹಳಿ ಚಾಕುವಿನಂತೆ ಇಳಿಯುತ್ತಿತ್ತು.

ಲಾರಿಗಳು ಹೆಚ್ಚಿದ ಮೇಲೆ ಇದಕ್ಕೊಂದು ಪರಿಹಾರ ಸಿಕ್ಕಿತು. ಗುಜರಿಗೆ ಬಿದ್ದ ಮೋಟಾರಿನ ಅಚ್ಚು, ಸವೆದ ಟೈರು, ಬಡಿಗೇರ ಹೊಡೆದ ಹಲಗೆ ಮೂರೂ ಸೇರಿ ಟೈರ್ ಬಂಡಿ ಹುಟ್ಟಿತು. ಈ ಸೀಮೆಯಲ್ಲಿ ಬಿಡಿಭಾಗ ಜೋಡಿಸಿ ಕಟ್ಟಿದ ಮೊದಲ ಗಾಡಿ ಎಂದು ಇದನ್ನೇ ಕರೆಯಬೇಕು. ಬೇರಿಂಗ್ ಇರುವುದರಿಂದ ಎತ್ತಿಗೆ ಎಳೆತ ಹಗುರ, ಟೈರು ಅಗಲವಾದ್ದರಿಂದ ಕೆಸರಿನಲ್ಲಿ ಹೂತುಹೋಗುವುದು ಕಡಿಮೆ. ಆದರೆ ಇದರ ಜೊತೆಗೇ ಕಂಬಾರನ ಕುಲುಮೆಯ ದೊಡ್ಡ ಕೆಲಸವೊಂದು ಕೈಬಿಟ್ಟು, ಪಂಕ್ಚರ್ ಅಂಗಡಿಗೆ ಹೋಯಿತು. ಆಯದ ಲೆಕ್ಕ ಮುರಿದು ರೊಕ್ಕದ ಲೆಕ್ಕ ಬಂದಾಗ ದುರಸ್ತಿಗಿದ್ದ ಹಳೆಯ ಅನುಕೂಲವೂ ಮುಗಿಯಿತು.

ಮೋಟಾರು ಮೊದಲು ಬಂದದ್ದು ಅರಮನೆಗೆ. ಈ ಐದೂ ಊರುಗಳು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮರ 1912ರ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಮೆರವಣಿಗೆಗೆಂದೇ ಮಾಡಿಸಿದ ಕಾರು. ಅದು ಪುನಃ ಸಜ್ಜಾಗಿ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಉಳಿದಿದೆ. ಆ ಕಾರಿನಲ್ಲೂ ಒಂದು ಪಾಠವಿದೆ: ರೋಲ್ಸ್ ರಾಯ್ಸ್ ಕಂಪನಿ ಕೊಟ್ಟದ್ದು ಎಂಜಿನ್ ಕೂಡಿಸಿದ ಚಾಸಿ ಮಾತ್ರ, ಮೇಲಿನ ಬಾಡಿ ಕಟ್ಟಿದ್ದು ಲಂಡನ್ನಿನ ಬಾರ್ಕರ್ ಕಂಪನಿ. ಸಾಮಾನ್ಯರಿಗೆ ಮೋಟಾರು ದಕ್ಕಿದ್ದು ಬಸ್ಸಿನಿಂದ. 1932ರ ಜೂನ್‌ನಲ್ಲಿ ನಿಜಾಮನ ರೈಲ್ವೆಯೇ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ಇಲಾಖೆ ತೆರೆಯಿತು.

ಚಾಸಿಯೊಂದು, ಬಾಡಿಯೊಂದು ಎಂಬ ಆ ಪದ್ಧತಿ ಲಾರಿಯಲ್ಲಿ ದಶಕಗಳ ಕಾಲ ಬದುಕಿತು. 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಲಾರಿ ಹೊರಬರತೊಡಗಿತು. ಕೊಂಡವನ ಕೈಗೆ ಬರುತ್ತಿದ್ದದ್ದು ಎಂಜಿನ್, ಚಕ್ರ, ಸ್ಟೇರಿಂಗ್ ಇರುವ ಬರಿಯ ಅಸ್ಥಿಪಂಜರ. ಡ್ರೈವರ್ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂತು, ತಲೆಗೆ ರುಮಾಲು ಸುತ್ತಿ, ಬಿಸಿಲು ಧೂಳಿನಲ್ಲಿ ಅದನ್ನು ನೂರಾರು ಮೈಲಿ ಓಡಿಸಿಕೊಂಡು ಬರಬೇಕಿತ್ತು. ಮೇಲೆ ಬಾಡಿ ಕಟ್ಟುವವರು ಬಡಿಗೇರ, ವೆಲ್ಡರ್, ಪೇಂಟರ್. ಫರಸಿ ಹೊರುವ ಲಾರಿಗೆ ತಳ ಗಟ್ಟಿ ಬೇಕು, ಪಕ್ಕದ ಹಲಗೆ ಗಿಡ್ಡಾದರೂ ನಡೆದೀತು. ತೊಗರಿ ಚೀಲ ಹೊರುವುದಕ್ಕೆ ಪಕ್ಕ ಎತ್ತರವಿರಬೇಕು. ಹೊರೆ ನೋಡಿ ಬಾಡಿ.

ಈ ಕೈಗಳು ತಯಾರಾಗಲು ಕಾರ್ಖಾನೆಗಳೂ ಕಾರಣ. 1936ರಲ್ಲಿ ಹತ್ತು ಕಂಪನಿಗಳು ಒಂದಾಗಿ ಎಸಿಸಿ ಆದಾಗ ಶಹಾಬಾದಿನ ಸಿಮೆಂಟ್ ಕಂಪನಿಯೂ ಅದರಲ್ಲಿತ್ತು. 1968ರಲ್ಲಿ ವಾಡಿಯ ಕಾರ್ಖಾನೆ ಶುರುವಾಯಿತು. 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡದಲ್ಲೂ ಸಿಮೆಂಟ್ ಗೂಡುಗಳು ಎದ್ದವು. ಫಿಟ್ಟರ್, ಟರ್ನರ್, ವೆಲ್ಡರ್ ಎಂಬ ಕಸುಬುಗಳು ಇಲ್ಲಿ ಮನೆಮಾತಾದವು. ಗ್ಯಾರೇಜಿನಲ್ಲಿ ಉಸ್ತಾದನ ಕೈಕೆಳಗೆ ಪಾನಾ ಕೊಡುತ್ತ ಕಲಿತವರು ಒಂದು ಕಡೆ, ಕಾರ್ಖಾನೆಯಲ್ಲಿ ಲೇತ್ ಹಿಡಿದವರು ಇನ್ನೊಂದು ಕಡೆ. ಇಬ್ಬರ ಕೌಶಲವೂ ಹಳೆಯ ಗಾಡಿಗೆ ಬೇಕಾಗುತ್ತದೆ: ಸಿಗದ ಬುಶ್ಶನ್ನು ಲೇತಿನ ಮೇಲೆ ಕಡೆಯುವವನಿಲ್ಲದೆ ಬಿಚ್ಚಿದ ಗಾಡಿ ಮತ್ತೆ ಕೂಡುವುದಿಲ್ಲ.

ಸ್ವಾತಂತ್ರ್ಯದ ನಂತರದ ನಾಲ್ಕು ದಶಕ ದುರಸ್ತಿಯ ಸುವರ್ಣಕಾಲ. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿದ್ದ ಲೈಸೆನ್ಸ್ ಕಾಲದಲ್ಲಿ ಹಳೆಯದನ್ನು ಉಳಿಸಿಕೊಳ್ಳದೆ ಗತಿಯಿರಲಿಲ್ಲ. ಮಾದರಿಗಳೂ ಬದಲಾಗುತ್ತಿರಲಿಲ್ಲ. 1957ರಲ್ಲಿ ಬಂದ ಅಂಬಾಸಿಡರ್ 2014ರವರೆಗೆ ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ತಯಾರಾಯಿತು. ಒಂದರ ಬಾಗಿಲು ಇನ್ನೊಂದಕ್ಕೆ ಕೂರುತ್ತಿತ್ತು. ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ, ಟಿಂಕರಿಂಗ್ ಮಾಡಿಸಿದರೆ ಕಾರು ಮತ್ತೆ ಹತ್ತು ವರ್ಷ ಓಡುತ್ತಿತ್ತು.

ಜೀಪಿನ ಕಥೆಯಲ್ಲಿ ಎರಡೂ ದಾರಿಗಳು ಕೂಡುತ್ತವೆ. ಮಹೀಂದ್ರಾ ಕಂಪನಿ 1947ರಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳ ಕೆಲಸ ಶುರುಮಾಡಿದಾಗ ಅವು ಅಮೆರಿಕದಿಂದ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಜೋಡಿಸಿ ಹುಟ್ಟಿದ ಗಾಡಿಯೇ ಬಿಚ್ಚಲು ಅತ್ಯಂತ ಸುಲಭ. ಚಪ್ಪಟೆ ತಗಡು, ನೇರ ಬೋಲ್ಟು, ಏಣಿಯಂಥ ಚಾಸಿ. ಬಾಡಿಯನ್ನು ನಾಲ್ಕು ಜನ ಎತ್ತಿ ಬದಿಗಿಡಬಹುದು. ಗುಡ್ಡ, ಕಾಡಿನ ಚಿಂಚೋಳಿಯ ಹಾದಿಗೂ ಖಣಿಯ ಇಳಿಜಾರಿಗೂ ಹೊಂದುವ ವಾಹನವದು.

ಈ ಸೀಮೆಯ ಹವೆ ಹಳೆಯ ಗಾಡಿಗೆ ಅರ್ಧ ಮಿತ್ರ, ಅರ್ಧ ಶತ್ರು. ಕರಾವಳಿಯ ಉಪ್ಪುಗಾಳಿ ಇಲ್ಲದ್ದರಿಂದ ತಗಡು ಬೇಗ ತುಕ್ಕು ಹಿಡಿಯುವುದಿಲ್ಲ. ಆದರೆ ಮಡ್‌ಗಾರ್ಡಿನ ಒಳಮೂಲೆಗಳಲ್ಲಿ ಮೆತ್ತಿಕೊಂಡ ಕರಿಮಣ್ಣು ತೇವವನ್ನು ಬಿಡದೆ ಹಿಡಿದಿಟ್ಟು ಅಲ್ಲೇ ತಿನ್ನುತ್ತದೆ. ಬಿಸಿಲಿಗೆ ರಬ್ಬರ್ ಬೀಡಿಂಗು, ಹೋಸ್ ಪೈಪು, ವೈರಿನ ಹೊದಿಕೆ ಸೀಳುತ್ತವೆ. ಎಲ್ಲಕ್ಕಿಂತ ದೊಡ್ಡ ತೊಂದರೆ ನೀರಿನದು. ಸುಣ್ಣಕಲ್ಲಿನ ನೆಲದ ಬಾವಿ, ಬೋರ್‌ವೆಲ್ ನೀರು ಗಡಸು. ಅದನ್ನೇ ಸುರಿದ ರೇಡಿಯೇಟರಿನ ಕೊಳವೆಗಳಲ್ಲಿ ಬಿಳಿ ಪೊರೆ ಕಟ್ಟಿ, ನೀರು ಹರಿಯದೆ, ಎಂಜಿನ್ ಕುದಿಯುತ್ತದೆ. ಹೊರಗಿನ ಪೇಂಟು ಮಿರಮಿರ ಹೊಳೆಯುತ್ತಿದ್ದರೂ ಕೊಳ್ಳುವವರು ಮೊದಲು ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ನೋಡುವುದು ಒಳ್ಳೆಯದು.

ಹೊಸದಾಗಿ ಕಾರು ಜೋಡಿಸುವ ಕನಸು ಕರ್ನಾಟಕದಲ್ಲಿ ಚಿಗುರಿದ್ದು ಬೆಂಗಳೂರಿನಲ್ಲಿ. ಸಿಪಾನಿ ಕಂಪನಿ 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಕಾರನ್ನೂ, 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧರಿಸಿ ಡಾಲ್ಫಿನ್ ಎಂಬ ಕಾರನ್ನೂ ತಂದಿತು. ಡಾಲ್ಫಿನ್‌ಗೆ 848 ಸಿಸಿ ಎಂಜಿನ್, ತಗಡಿನ ಬದಲು ಫೈಬರ್‌ಗ್ಲಾಸ್ ಮೈ. ಕೋಟಿಗಟ್ಟಲೆ ರೂಪಾಯಿಯ ಪ್ರೆಸ್ಸಿಲ್ಲದೆ ಅಚ್ಚಿನ ಮೇಲೆ ಗಾಜಿನ ನಾರು, ರಾಳ ಹಚ್ಚಿ ಬಾಡಿ ತೆಗೆಯಬಹುದೆಂಬುದೇ ಆ ಧೈರ್ಯದ ಮೂಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಡಾಲ್ಫಿನ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೂ ದೊಡ್ಡ ಬಂಡವಾಳವಿಲ್ಲದೆ ಇಲ್ಲೊಂದು ಕಾರು ಕಟ್ಟಿ ತೋರಿಸಿದ್ದು ಗೌರವಕ್ಕೆ ತಕ್ಕ ಸಾಹಸ.

ಕೊಂಡವನೇ ಮನೆಯಲ್ಲಿ ಜೋಡಿಸಿಕೊಳ್ಳುವ ಕಿಟ್ ಕಾರು ನಿಜವಾಗಿ ಬೆಳೆದದ್ದು ಇಂಗ್ಲೆಂಡಿನಲ್ಲಿ, ಅದೂ ತೆರಿಗೆಯ ಕಾರಣದಿಂದ. ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗದ ಕಿಟ್ಟಿಗೆ ಇರಲಿಲ್ಲ. 1957ರ ಲೋಟಸ್ ಸೆವೆನ್ ಹೀಗೆ ಪೆಟ್ಟಿಗೆಗಳಲ್ಲಿ ಮನೆ ಸೇರಿತು. 1973ರಲ್ಲಿ ವ್ಯಾಟ್ ಬಂದಾಗ ಆ ರಿಯಾಯಿತಿ ಮುಗಿಯಿತು. ಕಣದಲ್ಲಿ ಅಳೆದ ಆಯದ ಜೋಳ ಇಲ್ಲಿ ದುರಸ್ತಿಯತ್ತ ವಾಲಿಸಿದ ಹಾಗೆಯೇ ಅಲ್ಲಿ ತೆರಿಗೆ ಜೋಡಣೆಯತ್ತ ವಾಲಿಸಿತ್ತು.

ಭಾರತದಲ್ಲಿ ಈಗ ಕಾನೂನು ದುರಸ್ತಿಯ ಪಕ್ಷದಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿ ಹೇಳಿತು. ಹೊಸ ಮಾದರಿ ರಸ್ತೆಗಿಳಿಯಬೇಕಾದರೆ ಅಧಿಕೃತ ಸಂಸ್ಥೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಒಂದೇ ಒಂದು ಗಾಡಿ ಕಟ್ಟುವವನಿಗೆ ಆ ಖರ್ಚು ಎಟುಕುವುದಲ್ಲ. ಇತ್ತ 2021ರ ಜುಲೈನಲ್ಲಿ ಬಂದ ನಿಯಮಗಳು 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ಸ್ಥಾನ ಕೊಟ್ಟವು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ವಿಎ ಎಂಬ ಅಕ್ಷರಗಳು. ರ್‍ಯಾಲಿ, ಪ್ರದರ್ಶನಗಳಿಗೆ ಓಡಿಸಬಹುದು, ದಿನನಿತ್ಯದ ಬಳಕೆಗಲ್ಲ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿದ್ದರೆ ಈ ಸ್ಥಾನ ದಕ್ಕುವುದಿಲ್ಲ. ಹಳೆಯ ಜೀಪಿಗೆ ಬೇರೆ ಕಂಪನಿಯ ಡೀಸೆಲ್ ಎಂಜಿನ್ ಕೂರಿಸಿದವರು ಆ ಬಾಗಿಲನ್ನು ತಾವೇ ಮುಚ್ಚಿಕೊಂಡಂತೆ.

ಆದ್ದರಿಂದ ಕಾಗದಪತ್ರ ಸರಿಯಿರುವ ಹಳೆಯ ಗಾಡಿ, ತಗಡು ಎಷ್ಟೇ ಹರಿದಿದ್ದರೂ, ಕಾಗದವಿಲ್ಲದ ಚೆಂದದ ಗಾಡಿಗಿಂತ ಮೇಲು. ತಗಡನ್ನು ಹೊಸದಾಗಿ ಬಡಿಯಬಹುದು, ಬುಶ್ಶು ಕಡೆಯಬಹುದು. ಆರ್‌ಸಿ ಪುಸ್ತಕವನ್ನು ಗ್ಯಾರೇಜಿನಲ್ಲಿ ತಯಾರಿಸಲಾಗದು. ಮನೆಯಲ್ಲೇ ಜೋಡಿಸಿದ ಗಾಡಿ ಕಲಿಯುವವರಿಗೆ ಅತ್ಯುತ್ತಮ ಶಾಲೆ, ಆದರೆ ಅದರ ಓಟ ಹೊಲದ ಬದುವಿನೊಳಗೇ.

ಹಳೆಯ ಜೀಪನ್ನು ಎಲುಬಿನ ತನಕ ಬಿಚ್ಚಿದಾಗ ಮೊದಲು ಹುಡುಕುವುದು ಚಾಸಿ ನಂಬರು. ತಂತಿ ಬ್ರಶ್ಶಿನಿಂದ ಗ್ರೀಸು, ಸಿಮೆಂಟಿನ ಧೂಳು ಗಟ್ಟಿಯಾದ ಹೆಕ್ಕಳೆಯನ್ನು ತಿಕ್ಕಿ, ಸೀಮೆಎಣ್ಣೆ ಹಚ್ಚಿ ಒರೆಸಿದರೆ ಕುಟ್ಟಿದ ಅಂಕಿಗಳು ಮೆಲ್ಲಗೆ ಮೂಡುತ್ತವೆ. ಅವುಗಳ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ಅಡ್ಡಡ್ಡ ಉಜ್ಜಿ ಅಚ್ಚು ತೆಗೆಯುತ್ತಾರೆ. ಆ ಬೂದುಬಣ್ಣದ ಅಂಕಿಗಳು ಆರ್‌ಸಿಯಲ್ಲಿನ ಅಂಕಿಗಳಿಗೆ ಒಂದೊಂದಾಗಿ ತಾಳೆಯಾದ ಮೇಲೆಯೇ ಟಿಂಕರಿಂಗಿನ ಸುತ್ತಿಗೆ ಏಳುತ್ತದೆ.